ಪಟ್ಟಿಯಲ್ಲಿ ಕಾಣದ ಶೇರ್: ಮರೆಮಾಡುವವರು ಯಾರು?

ವಿಂಡೋಸ್ ಜಾಲದಲ್ಲಿ ಹಂಚಿದ ಫೋಲ್ಡರಿನ ಹೆಸರಿನ ಕೊನೆಗೆ ಡಾಲರ್ ಚಿಹ್ನೆ ಸೇರಿಸಿದರೆ ಅದು ಬಳಕೆದಾರರ ಕಣ್ಣಿಗೆ ಬೀಳುವುದಿಲ್ಲ. ವಿಳಾಸ ಗೊತ್ತಿದ್ದು ಅನುಮತಿಯೂ ಇದ್ದವರು ಅದನ್ನು ಟೈಪ್ ಮಾಡಿ ಒಳಗೆ ಹೋಗಬಹುದು. ಸಿಸ್ಟಂ ಅಡ್ಮಿನ್‌ಗಳಿಗೆ ತೀರ ಪರಿಚಿತವಾದ ಉಪಾಯವಿದು. ಆದರೆ ಈ ಮರೆಯನ್ನು ಕಾಯುವುದು ಸರ್ವರ್ ಅಲ್ಲ. ಪಟ್ಟಿ ಕೇಳಿದರೆ ವಿಂಡೋಸ್ ಸರ್ವರ್ ಡಾಲರ್ ಹೆಸರುಗಳನ್ನೂ ಸೇರಿಸಿಯೇ ಕಳಿಸುತ್ತದೆ. ಅವನ್ನು ತೋರಿಸದೆ ಬಿಡುವುದು ಕೇಳಿದ ಕಡೆಯ ಎಕ್ಸ್‌ಪ್ಲೋರರ್. ಕಂಡೂ ಕಾಣದಂತಿರುವ ನೆಂಟನ ಸೌಜನ್ಯದಂಥದು ಇದು. ಲಿನಕ್ಸ್‌ನ ಎಸ್‌ಎಂಬಿಕ್ಲಯಂಟ್‌ಗೆ ಆ ಸೌಜನ್ಯವಿಲ್ಲ: ಸಿ-ಡಾಲರ್, ಅಡ್ಮಿನ್-ಡಾಲರ್, ಐಪಿಸಿ-ಡಾಲರ್ ಎಲ್ಲವನ್ನೂ ಸಾಲಾಗಿ ತೋರಿಸಿಬಿಡುತ್ತದೆ.

ಈ ಐಪಿಸಿ-ಡಾಲರ್ ಫೋಲ್ಡರೇ ಅಲ್ಲ, ಪ್ರೋಗ್ರಾಂಗಳು ಪರಸ್ಪರ ಮಾತಾಡಲು ಇರುವ ದಾರಿ. 2017ರ ಮೇ 12ರಂದು ಹಬ್ಬಿದ ಸುಲಿಗೆ ತಂತ್ರಾಂಶ ವನ್ನಾಕ್ರೈ, ಫೈಲ್ ಹಂಚಿಕೆಯ ಹಳೆಯ ಶಿಷ್ಟಾಚಾರವಾದ ಎಸ್‌ಎಂಬಿ 1ರ ದೋಷವನ್ನು ಬಳಸಿದ್ದು ಇದೇ ಮರೆಯ ಶೇರಿಗೆ ಸಂಪರ್ಕ ಸಾಧಿಸಿ. ಆ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ತೇಪೆ ಹಾಕಿತ್ತು. ದಾಳಿಯ ತಂತ್ರ ಮಾತ್ರ ವಾಷಿಂಗ್ಟನ್ ಹತ್ತಿರ, ಮೇರಿಲ್ಯಾಂಡಿನ ಫೋರ್ಟ್ ಮೀಡ್‌ನಲ್ಲಿರುವ ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎಯಿಂದ ಕದ್ದದ್ದೆಂದು ಕಂಪನಿಯ ಅಧ್ಯಕ್ಷ ಬ್ರ್ಯಾಡ್ ಸ್ಮಿತ್ ಬಹಿರಂಗವಾಗಿಯೇ ಬರೆದರು. 2018ರ ಮಾರ್ಚ್ 22ರಂದು ಅಟ್ಲಾಂಟಾ ನಗರಾಡಳಿತದ ಕಂಪ್ಯೂಟರುಗಳಿಗೆ ಬೀಗ ಹಾಕಿದ ಇನ್ನೊಂದು ಸುಲಿಗೆ ತಂತ್ರಾಂಶ ಸ್ಯಾಮ್‌ಸ್ಯಾಮ್‌ನ ರೀತಿ ಬೇರೆ: ಅದನ್ನು ನಡೆಸುತ್ತಿದ್ದವರು ಒಳಹೊಕ್ಕ ಜಾಲಗಳಲ್ಲಿ ಮೊದಲು ಅಡ್ಮಿನ್ ಅಧಿಕಾರ ಗಳಿಸಿಕೊಳ್ಳುತ್ತಿದ್ದರು. ಅಂಥವರ ಮುಂದೆ ಹೆಸರಿನ ಮರೆ ಲೆಕ್ಕಕ್ಕೇ ಇಲ್ಲ.

ಹಾಗೆಂದು ಮರೆಮಾಡುವುದೇ ವ್ಯರ್ಥ ಎನ್ನಲಾಗದು. ನೂರಾರು ಜನರ ಹೋಂ ಫೋಲ್ಡರುಗಳು ಒಂದೇ ಕಿಟಕಿಯಲ್ಲಿ ಗಿಜಿಗುಡುವುದು ಯಾರಿಗೂ ಬೇಡ. ಪ್ರಶ್ನೆ ಇಷ್ಟೇ: ಜರಡಿ ಹಿಡಿಯುವವರು ಯಾರು? ನೊವೆಲ್ ನೆಟ್‌ವೇರ್‌ನಲ್ಲಿ ಹಕ್ಕಿಲ್ಲದವರಿಗೆ ಫೋಲ್ಡರ್ ಕಾಣುತ್ತಲೇ ಇರಲಿಲ್ಲ. ವಿಂಡೋಸ್‌ಗೆ ಆ ಗುಣ ಬಂದದ್ದು 2005ರಲ್ಲಿ, ಸರ್ವರ್ 2003ರ ಮೊದಲ ಸರ್ವೀಸ್ ಪ್ಯಾಕ್‌ನೊಂದಿಗೆ: ಆಕ್ಸೆಸ್ ಬೇಸ್ಡ್ ಎನ್ಯುಮರೇಷನ್. ಇಲ್ಲಿ ಸರ್ವರೇ ಪ್ರತಿ ಫೋಲ್ಡರಿನ ಅನುಮತಿ ನೋಡಿ, ಓದುವ ಹಕ್ಕಿದ್ದವರಿಗಷ್ಟೇ ಹೆಸರು ಕಳಿಸುತ್ತದೆ. ಫೋಲ್ಡರುಗಳು ಹೆಚ್ಚಿದಷ್ಟೂ ಸರ್ವರಿಗೆ ಹೊರೆ. ಜರಡಿ ನಡೆಯುವುದು ಶೇರಿನ ಒಳಗೆ ಮಾತ್ರ. ಶೇರಿನ ಹೆಸರನ್ನು ಅದು ಮುಚ್ಚುವುದಿಲ್ಲ. ಲಿನಕ್ಸ್‌ನಿಂದ ವಿಂಡೋಸ್ ರೀತಿಯ ಶೇರ್‌ಗಳನ್ನು ಒದಗಿಸುವ ಸಾಂಬಾದಲ್ಲಿ ಎರಡಕ್ಕೂ ಬೇರೆಬೇರೆ ಸೆಟ್ಟಿಂಗ್‌ಗಳಿವೆ.

ಕಾಣದೆಯೂ ತಲುಪುವಂತಿರಬೇಕು ಎಂಬ ಬೇಡಿಕೆಗೆ ಅತ್ಯಂತ ಸ್ವಚ್ಛವಾದ ಉತ್ತರ, ನನ್ನ ಅಭಿಪ್ರಾಯದಲ್ಲಿ, ಯುನಿಕ್ಸ್‌ನದು. ಅಲ್ಲಿ ಡೈರೆಕ್ಟರಿಯನ್ನು ಓದುವ ಹಕ್ಕೂ ಹಾಯುವ ಹಕ್ಕೂ ಬೇರೆ. 711 ಎಂದು ಅನುಮತಿ ಕೊಟ್ಟರೆ ಇತರರು ಪಟ್ಟಿ ನೋಡಲಾರರು, ಹೆಸರು ಗೊತ್ತಿದ್ದರೆ ಹಾದುಹೋಗಬಲ್ಲರು. ವಿಂಡೋಸ್‌ನಲ್ಲಿ ಹಾಯುವ ಹಕ್ಕು ಮೊದಲಿನಿಂದಲೇ ಎಲ್ಲರಿಗೂ ಇರುತ್ತದೆ. ಮೇಲಿನ ಫೋಲ್ಡರ್ ಮುಚ್ಚಿದ್ದರೂ ಒಳಗಿನದಕ್ಕೆ ಅನುಮತಿಯಿದ್ದರೆ ನೇರ ವಿಳಾಸ ಕೆಲಸ ಮಾಡುತ್ತದೆ. ಮೇಲಿನ ಫೋಲ್ಡರಿಗೆ ಬೀಗ ಹಾಕಿ ನಿಶ್ಚಿಂತರಾಗುವವರು ಎಡವುವುದು ಇಲ್ಲೇ.

ಮೇರಿಲ್ಯಾಂಡಿನದೇ ಗೈಥರ್ಸ್‌ಬರ್ಗ್‌ನಲ್ಲಿರುವ ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ, ರಚನೆಯ ಗುಟ್ಟನ್ನೇ ರಕ್ಷಣೆಗೆ ನೆಚ್ಚಬಾರದೆಂದು 2008ರ ತನ್ನ ಸರ್ವರ್ ಭದ್ರತಾ ಕೈಪಿಡಿಯಲ್ಲಿ ಹೇಳಿದೆ. ವಿಚಿತ್ರವೆಂದರೆ, ಗುಟ್ಟಿಗೆ ಹೆಸರಾದ ಎನ್‌ಎಸ್‌ಎಯೇ 2000ದ ಡಿಸೆಂಬರಿನಲ್ಲಿ, ಲಿನಕ್ಸ್‌ಗೆ ಹೆಚ್ಚುವರಿ ಕಾವಲು ಹಾಕುವ ಎಸ್‌ಇಲಿನಕ್ಸ್‌ನ ಮೂಲಸಂಕೇತವನ್ನು ಎಲ್ಲರಿಗೂ ತೆರೆದಿಟ್ಟಿತು. ಉತ್ತರ ಕೆರೊಲಿನಾದ ರಾಲಿಯಲ್ಲಿ ನೆಲೆಯಿರುವ ರೆಡ್ ಹ್ಯಾಟ್ ಅದನ್ನು 2005ರಲ್ಲಿ ತನ್ನ ಎಂಟರ್‌ಪ್ರೈಸ್ ಲಿನಕ್ಸ್ 4ಕ್ಕೆ ಸೇರಿಸಿಕೊಂಡಿತು. ಎಸ್‌ಇಲಿನಕ್ಸ್‌ನ ಕಾವಲಿನಲ್ಲಿ ಪರಿಸ್ಥಿತಿ ತಿರುವುಮುರುವು: ಶೇರ್ ಪಟ್ಟಿಯಲ್ಲಿ ಕಾಣುತ್ತದೆ, ಫೈಲಿನ ಅನುಮತಿಯೂ ಸರಿಯಿದೆ, ಆದರೂ ಫೋಲ್ಡರಿಗೆ ಸಾಂಬಾಕ್ಕೆ ಒಪ್ಪುವ ಲೇಬಲ್ ಅಂಟಿಸುವವರೆಗೆ ಸಾಮಾನ್ಯವಾಗಿ ಬಾಗಿಲು ತೆರೆಯದು.