ಶಿಲುಬೆ, ತ್ರಿಕೋನ, ದಾರ: ಎರಡನೆಯ ಮಹಾಯುದ್ಧ ಕಾಲದ ಅಮೆರಿಕದ ಪೌರರಕ್ಷಣಾ ಮತ್ತು ಶುಶ್ರೂಷಾ ಲಾಂಛನಗಳನ್ನು ಗುರುತಿಸುವ ಬಗೆ

ನೀಲಿ ವೃತ್ತ, ಅದರೊಳಗೆ ಬಿಳಿಯ ಸಮಬಾಹು ತ್ರಿಕೋನ, ತ್ರಿಕೋನದ ನಡುವೆ ಕೆಂಪು ಶಿಲುಬೆ. ಹಳೆಯ ವಸ್ತುಗಳ ಮಾರುಕಟ್ಟೆಯಲ್ಲಿ ಈ ಗುರುತಿನ ಬಟ್ಟೆಬಿಲ್ಲೆಗೆ ‘ಸೇನಾ ನರ್ಸಿನ ಪ್ಯಾಚ್’ ಎಂಬ ಚೀಟಿ ಅಂಟಿರುವುದೇ ಹೆಚ್ಚು. ಇದನ್ನು ತೊಟ್ಟವಳು ಸೇನೆಗೆ ಸೇರಿದವಳಲ್ಲ; ತರಬೇತಾದ ನರ್ಸೂ ಅಲ್ಲ. ಶಿಲುಬೆಯನ್ನು ಮಾತ್ರ ನೋಡಿ ಹೆಸರಿಟ್ಟಾಗ ಆಗುವ ಎಡವಟ್ಟು ಇದು. ಲಾಂಛನದ ಚಿತ್ರ ತೊಟ್ಟವರ ಕೆಲಸವನ್ನು ಹೇಳಬಲ್ಲದು, ಕಾಲವನ್ನು ಹೇಳಲಾರದು; ಕಾಲ ತಿಳಿಯಬೇಕಾದರೆ ಬಿಲ್ಲೆಯನ್ನು ಮಗುಚಿ ಹಾಕಿ ದಾರವನ್ನು ನೋಡಬೇಕು ಎಂಬುದು ಈ ಲೇಖನದ ವಾದ.

ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 1941ರ ಮೇ 20ರಂದು 8757ನೆಯ ಕಾರ್ಯಾದೇಶದ ಮೂಲಕ ‘ಆಫೀಸ್ ಆಫ್ ಸಿವಿಲಿಯನ್ ಡಿಫೆನ್ಸ್’ ಎಂಬ ಕಚೇರಿಯನ್ನು ತೆರೆದರು. ಅಮೆರಿಕ ಆಗಿನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ನ್ಯೂಯಾರ್ಕ್ ಮೇಯರ್ ಫಿಯೊರೆಲ್ಲೊ ಲಾಗಾರ್ಡಿಯಾ ಮೊದಲ ನಿರ್ದೇಶಕರು. ಅದೇ ವರ್ಷ ಅಧ್ಯಕ್ಷರ ಪತ್ನಿ ಎಲೀನರ್ ರೂಸ್‌ವೆಲ್ಟ್ ಸಹಾಯಕ ನಿರ್ದೇಶಕಿಯಾಗಿ ಸೇರಿದರು. 1945ರ ಜೂನ್ ಕೊನೆಗೆ ಕಚೇರಿ ಮುಚ್ಚಿತು. ಮೂಲ ಚಿಹ್ನೆ ಎನ್. ಡಬ್ಲ್ಯು. ಏಯರ್ ಜಾಹೀರಾತು ಸಂಸ್ಥೆಯ ಚಾರ್ಲ್ಸ್ ಕಾಯ್ನರ್ ಅವರ ಕೈಕೆಲಸ. ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಅಂಗಡಿಗಳ ಕಿಟಕಿಯಲ್ಲಿ ತೂಗುತ್ತಿದ್ದ ‘ನೀಲಿ ಹದ್ದು’ ಚಿಹ್ನೆಯೂ ಅವರದೇ. ದೂರದಿಂದ ಕಂಡರೂ ಗುರುತು ಹತ್ತಬೇಕೆಂಬ ಜಾಹೀರಾತಿನವರ ಜಾಣ್ಮೆ ಎರಡರಲ್ಲೂ ಎದ್ದು ಕಾಣುತ್ತದೆ.

ವೃತ್ತ ಮತ್ತು ತ್ರಿಕೋನ ಎಲ್ಲ ಸ್ವಯಂಸೇವಕರಿಗೂ ಒಂದೇ. ಒಳಗಿನ ಕೆಂಪು ಚಿತ್ರ ಮಾತ್ರ ಕೆಲಸಕ್ಕೆ ತಕ್ಕಂತೆ ಬದಲಾಗುತ್ತಿತ್ತು. ವಾಯುದಾಳಿ ವಾರ್ಡನ್‌ಗೆ ಓರೆಪಟ್ಟೆ, ಸಂದೇಶವಾಹಕನಿಗೆ ಮಿಂಚು, ವಾಹನ ಚಾಲಕನಿಗೆ ಚಕ್ರ, ಊಟ ವಸತಿ ನೋಡಿಕೊಳ್ಳುವವರಿಗೆ ಬಟ್ಟಲು. ಓದುಬರಹ ಬಾರದವನಿಗೂ ಅರ್ಥವಾಗುವ ಈ ಚಿತ್ರಲಿಪಿ ಇಂದಿನ ಸಂಶೋಧಕನಿಗೂ ಒದಗಿಬರುತ್ತದೆ. ತೊಡಕು ಹುಟ್ಟುವುದು ವೈದ್ಯಕೀಯ ಚಿಹ್ನೆಗಳಲ್ಲಿ. ಹಾವುಗಳು ಸುತ್ತಿಕೊಂಡ ರೆಕ್ಕೆಯ ದಂಡವಿದ್ದರೆ ಅದು ತುರ್ತು ವೈದ್ಯಕೀಯ ದಳದ್ದು. ಸಾದಾ ಕೆಂಪು ಶಿಲುಬೆಯಿದ್ದರೆ ‘ನರ್ಸಸ್ ಏಡ್’, ಅಂದರೆ ನರ್ಸಿನ ಸಹಾಯಕಿಯದು.

ಈ ಸಹಾಯಕಿಯರ ದಳ ಪೌರರಕ್ಷಣಾ ಕಚೇರಿ ಮತ್ತು ಅಮೆರಿಕನ್ ರೆಡ್ ಕ್ರಾಸ್ ಸಂಸ್ಥೆ ಕೂಡಿ 1941ರಲ್ಲಿ ಕಟ್ಟಿದ್ದು. ಬಿಲ್ಲೆಯ ಮೇಲೂ ಆ ಜಂಟಿತನ ಹಾಗೇ ಮೂಡಿದೆ: ವೃತ್ತ ಮತ್ತು ತ್ರಿಕೋನ ಒಬ್ಬರದು, ಶಿಲುಬೆ ಇನ್ನೊಬ್ಬರದು. ತರಬೇತಿ 80 ಗಂಟೆ. ಪಾಠದ ಬಳಿಕ ಆಸ್ಪತ್ರೆಯಲ್ಲಿ ಮೇಲ್ವಿಚಾರಣೆಯ ಕೆಲಸ. ಸಂಬಳವಿಲ್ಲ. ಹಾಸಿಗೆ ಬದಲಿಸುವುದು, ಮೈ ಒರೆಸುವುದು, ಜ್ವರ ನೋಡುವುದು, ಊಟದ ತಟ್ಟೆ ಒಯ್ಯುವುದು ಇವರ ಪಾಲಿನ ಕೆಲಸಗಳು. ಸಮವಸ್ತ್ರ ಬಿಳಿಯ ರವಿಕೆಯ ಮೇಲೆ ನೀಲಿ ಮೇಲಂಗಿ. ಆಸ್ಪತ್ರೆಯ ಬಟ್ಟೆಯಾದ್ದರಿಂದ ಮತ್ತೆ ಮತ್ತೆ ಒಗೆತ ಕಂಡದ್ದು. ಹಾಗಾಗಿ ನಿಜವಾಗಿ ಬಳಕೆಯಾದ ಬಿಲ್ಲೆಯಲ್ಲಿ ಒಗೆತದ ಕುರುಹು ಹುಡುಕಬೇಕು: ಸುಕ್ಕುಗಟ್ಟಿದ ನೆಲಬಟ್ಟೆ, ಬಿಳಿಯ ತ್ರಿಕೋನದೊಳಕ್ಕೆ ತುಸು ಇಳಿದ ಕೆಂಪು, ಹಿಂಬದಿಯಲ್ಲಿ ಮಾತ್ರ ಕಡುವಾಗಿ ಉಳಿದ ಬಣ್ಣ, ಅಂಚಿನ ಸುತ್ತ ಹಳೆಯ ಹೊಲಿಗೆಯ ಸೂಜಿತೂತುಗಳು. ತೂತುಗಳಿಲ್ಲದ ಬಿಲ್ಲೆ ನಕಲಿಯೆಂದಲ್ಲ, ಹೊಲಿಯದೆ ಉಳಿದ ದಾಸ್ತಾನೂ ಇರಬಹುದು. ಆದರೆ ಅದಕ್ಕೆ ‘ಆಸ್ಪತ್ರೆಯಲ್ಲಿ ಸೇವೆ ಕಂಡದ್ದು’ ಎಂದು ಕಥೆ ಕಟ್ಟುವ ಹಕ್ಕು ಮಾರುವವನಿಗಿಲ್ಲ.

ಇನ್ನೊಂದು ಗೊಂದಲ ಎಂಟು ಮೊನೆಯ ಮಾಲ್ಟೀಸ್ ಶಿಲುಬೆಯದು. ನಮ್ಮಲ್ಲಿ ಸೇಂಟ್ ಜಾನ್ ಆಂಬುಲೆನ್ಸ್‌ನ ಪ್ರಥಮ ಚಿಕಿತ್ಸೆ ತರಬೇತಿ ಪಡೆದವರಿಗೆ ಇದರ ಬಿಳಿಯ ರೂಪ ಪರಿಚಿತ. ಅಮೆರಿಕದ ಲಾಂಛನಗಳಲ್ಲಿ ಇದು ಎರಡು ಕಡೆ ಬರುತ್ತದೆ. ನೀಲಿ ವೃತ್ತದ ಬಿಳಿ ತ್ರಿಕೋನದಲ್ಲಿ ಕೆಂಪಾಗಿ ಇದ್ದರೆ ಅದು ಸಹಾಯಕ ಅಗ್ನಿಶಾಮಕನದು, ಶುಶ್ರೂಷೆಗೆ ಸಂಬಂಧವೇ ಇಲ್ಲ. ಕೆಂಪು ಅಂಡಾಕಾರದ ನೆಲದ ಮೇಲೆ ಬೆಳ್ಳಿಯ ಬಣ್ಣದಲ್ಲಿದ್ದರೆ ಅದು ‘ಕೆಡೆಟ್ ನರ್ಸ್ ಕೋರ್’ ವಿದ್ಯಾರ್ಥಿನಿಯದು. ಓಹಾಯೊದ ಸಂಸದೆ ಫ್ರಾನ್ಸಿಸ್ ಪೇನ್ ಬೋಲ್ಟನ್ ಮಂಡಿಸಿದ ಮಸೂದೆ 1943ರ ಜೂನ್‌ನಲ್ಲಿ ಕಾಯ್ದೆಯಾಗಿ, ಜುಲೈಯಿಂದ ದಳ ಆರಂಭವಾಯಿತು. ಲೂಸಿಲ್ ಪೆಟ್ರಿ ಅದರ ನಿರ್ದೇಶಕಿ. ಆಡಳಿತ ಸೇನೆಯದಲ್ಲ, ಸಾರ್ವಜನಿಕ ಆರೋಗ್ಯ ಸೇವೆಯದು. ಸುಮಾರು 1,24,000 ಮಂದಿ ತರಬೇತಿ ಪೂರೈಸಿದರು. ಹೊರಗೆ ತೊಡಲು ಬೂದು ಬಣ್ಣದ ಉಡುಪು, ಭುಜಕ್ಕೆ ಕೆಂಪು ಪಟ್ಟಿ. ವಾರ್ಡಿನಲ್ಲಿ ಮಾತ್ರ ಅವರವರ ಶಾಲೆಯ ಸಮವಸ್ತ್ರ, ಎಡತೋಳಿಗೆ ಈ ಬಿಲ್ಲೆ. ಬಿಲ್ಲೆಯ ಹಿಂದೆ ಬೂದು ನೂಲಿನ ಬದಲು ಬಿಳಿ ನೂಲಿನ ಎಳೆ ಸಿಕ್ಕಿಕೊಂಡಿದ್ದರೆ ಶಂಕಿಸಬೇಕಾಗಿಲ್ಲ.

ಇನ್ನು ಕಾಲನಿರ್ಣಯ. ತ್ರಿಕೋನದಲ್ಲಿ ‘ಸಿಡಿ’ ಅಕ್ಷರಗಳಿರುವ ಬಿಲ್ಲೆಯನ್ನು ಕಂಡ ಕೂಡಲೇ 1942 ಎಂದು ಬರೆಯುವವರಿದ್ದಾರೆ. ಆ ಚಿಹ್ನೆ ಶೀತಲ ಸಮರದಲ್ಲಿ ಮತ್ತೆ ಬಂತು. 1950ರ ಡಿಸೆಂಬರ್‌ನಲ್ಲಿ ಹುಟ್ಟಿದ ಫೆಡರಲ್ ಪೌರರಕ್ಷಣಾ ಆಡಳಿತ ಅದನ್ನೇ ಮುಂದುವರಿಸಿತು; ಅಣುಬಾಂಬ್ ಆಶ್ರಯತಾಣಗಳ ಯುಗದುದ್ದಕ್ಕೂ ಅದು ಬಳಕೆಯಲ್ಲಿತ್ತು. ಅಕ್ಷರಬರಹ ಇದ್ದರೆ ಸ್ವಲ್ಪ ನೆರವು: ಯುದ್ಧಕಾಲದ ಅಧಿಕೃತ ಹೆಸರು ‘ಸಿವಿಲಿಯನ್ ಡಿಫೆನ್ಸ್’, 1950ರ ನಂತರದ್ದು ‘ಸಿವಿಲ್ ಡಿಫೆನ್ಸ್’. ಕಿತ್ತಳೆ ನೆಲದ ಮೇಲೆ ನೀಲಿ ತ್ರಿಕೋನವಿದ್ದರೆ ಚರ್ಚೆಯೇ ಬೇಡ; ಅದು 1977ರ ಜಿನೀವಾ ಹೆಚ್ಚುವರಿ ಒಡಂಬಡಿಕೆಯ ಅಂತರರಾಷ್ಟ್ರೀಯ ಚಿಹ್ನೆ.

ಬರಹವಿಲ್ಲದ ಬಿಲ್ಲೆಗೆ ದಾರವೇ ಗತಿ. ಯುದ್ಧಕಾಲದ ಕಸೂತಿ ಹೆಚ್ಚಾಗಿ ಹತ್ತಿ ಅಥವಾ ರೇಯಾನ್ ನೂಲಿನದು. ಅಂಚನ್ನು ಕತ್ತರಿಸಿ ಬಿಟ್ಟಿರುತ್ತಾರೆ. ದಪ್ಪ ದಾರದಿಂದ ಸುತ್ತಲೂ ಕಟ್ಟಿ ಹೊಲಿದ ‘ಮೆರೊ’ ಅಂಚು ಸರ್ವೇಸಾಮಾನ್ಯವಾದದ್ದು 1960ರ ದಶಕದ ಹೊತ್ತಿಗೆ. ಪಾಲಿಯೆಸ್ಟರ್ ಇನ್ನೂ ಗಟ್ಟಿ ಸಾಕ್ಷಿ. ಅದು ಇಂಗ್ಲೆಂಡಿನ ಪ್ರಯೋಗಾಲಯದಲ್ಲಿ 1941ರಲ್ಲೇ ತಯಾರಾದರೂ ಅಮೆರಿಕದಲ್ಲಿ ‘ಡೇಕ್ರಾನ್’ ಎಂಬ ಹೆಸರಲ್ಲಿ ಮಾರಾಟಕ್ಕೆ ಬಂದದ್ದು 1950ರ ದಶಕದಲ್ಲಿ. ಒಂದೇ ಒಂದು ಎಳೆ ಪಾಲಿಯೆಸ್ಟರ್ ಮೂಲ ಕಸೂತಿಯಲ್ಲಿದ್ದರೂ ಬಿಲ್ಲೆ ಯುದ್ಧಕಾಲದ್ದಲ್ಲ. ಹಿಂಬದಿಯಲ್ಲಿ ಬಿಡಿಯಾಗಿ ಜೋತ ಎಳೆಯ ತುದಿಯನ್ನು ಸುಟ್ಟರೆ ಹತ್ತಿ ಕಾಗದದ ವಾಸನೆ ಬೀರಿ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಮಣಿಗಟ್ಟುತ್ತದೆ. ಬಿಡಿ ಎಳೆ ಇಲ್ಲವೆಂದರೆ ಈ ಪರೀಕ್ಷೆಯ ಆಸೆ ಬಿಡಬೇಕು. ವಸ್ತುವನ್ನೇ ಕೆಡಿಸಿ ಪಡೆದ ಜ್ಞಾನ ಯಾರಿಗೂ ಬೇಡ.

ಸಂಗ್ರಾಹಕರು ಅತಿಯಾಗಿ ನಂಬುವುದು ಅತಿನೇರಳೆ ದೀಪವನ್ನು. ಬೆಳಗಿದರೆ ಹೊಸದು, ಬೆಳಗದಿದ್ದರೆ ಹಳೆಯದು ಎಂಬುದು ಅವರ ಸೂತ್ರ. ದೀಪದಡಿ ಬೆಳಗುವುದು ಬಟ್ಟೆ ಹೊಳೆಯಿಸುವ ರಾಸಾಯನಿಕಗಳು; ಅವು ಒಗೆಯುವ ಪುಡಿಯಲ್ಲಿ ಸೇರಿದ್ದು ಯುದ್ಧಾನಂತರ. ಆದರೆ 1943ರ ಅಪ್ಪಟ ಹತ್ತಿಬಿಲ್ಲೆಯನ್ನು ಮೊಮ್ಮಗಳು ಇತ್ತೀಚೆಗೆ ತೊಳೆದಿಟ್ಟಿದ್ದರೂ ಅದು ದೀಪದಡಿ ಬೆಳಗುತ್ತದೆ. ಈ ಪರೀಕ್ಷೆಯೊಂದನ್ನೇ ನಂಬಿ ನಕಲಿ ಎನ್ನುವುದು ಆತುರದ ತೀರ್ಪು.

ಬ್ರಿಟನ್ನಿನ ಲಾಂಛನಗಳಲ್ಲಿ ಕೆಲಸ ಹಗುರ, ಅಲ್ಲಿ ಕಿರೀಟವಿದೆ. 1953ರಿಂದ 2022ರವರೆಗೆ ಬಳಕೆಯಲ್ಲಿದ್ದ ಸೇಂಟ್ ಎಡ್ವರ್ಡ್ ಕಿರೀಟದ ಕಮಾನುಗಳು ನಡುವೆ ತಗ್ಗಿರುತ್ತವೆ, ಅದಕ್ಕೂ ಹಿಂದಿನ ಕಿರೀಟದವು ದುಂಡಾಗಿ ಮೇಲೇಳುತ್ತವೆ. ಅಲ್ಲಿಯೂ 1949ರಲ್ಲಿ ಪೌರರಕ್ಷಣಾ ದಳವನ್ನು ಮತ್ತೆ ಕಟ್ಟಿದ್ದರಿಂದ ಹಳೆಯ ಕಿರೀಟವಿದ್ದ ಮಾತ್ರಕ್ಕೆ ಬಿಲ್ಲೆ ಯುದ್ಧಕಾಲದ್ದಾಗದು.

ಕೆಂಪು ಶಿಲುಬೆಯ ಬಗ್ಗೆ ಭಾರತದ ಸಂಗ್ರಾಹಕರಿಗೆ ಒಂದು ಮಾತು. ನಮ್ಮ 1960ರ ಜಿನೀವಾ ಒಡಂಬಡಿಕೆಗಳ ಕಾಯ್ದೆ ಈ ಚಿಹ್ನೆಯನ್ನು ಅನುಮತಿಯಿಲ್ಲದೆ ಬಳಸುವುದನ್ನು ನಿಷೇಧಿಸುತ್ತದೆ; ಕ್ಲಿನಿಕ್ ಫಲಕಗಳನ್ನು ನೋಡಿದರೆ ಅದು ಯಾರ ಗಮನಕ್ಕೂ ಬಂದಂತಿಲ್ಲ, ಆ ಮಾತು ಬೇರೆ. ಪ್ರದರ್ಶನಕ್ಕೆಂದು ನೀಲಿ ವೃತ್ತದ ಬಿಲ್ಲೆಯ ಪ್ರತಿ ಮಾಡಿಸುವವರು ಇದನ್ನು ನೆನಪಿಡಬೇಕು.

ಕ್ಯಾಟಲಾಗ್ ಬರೆಯುವವರಲ್ಲಿ ಕೇಳಿಕೊಳ್ಳುವುದಿಷ್ಟು: ಚಿತ್ರದಿಂದ ತಿಳಿದ ಹುದ್ದೆ, ದಾರದಿಂದ ತಿಳಿದ ಕಾಲ, ಕೊಟ್ಟವರು ಹೇಳಿದ ಹಿನ್ನೆಲೆ, ಈ ಮೂರನ್ನೂ ಬೇರೆ ಬೇರೆ ಸಾಲಿನಲ್ಲಿ ನಮೂದಿಸಿ, ಬಿಲ್ಲೆಯ ಹಿಂಬದಿಯ ಛಾಯಾಚಿತ್ರವನ್ನೂ ಜೊತೆಗಿಡಿ.