ಅಧ್ಯಾಪಕರ ತತ್ತ್ವವ್ಯಾಸಂಗ

ಪದವಿಯು ಕೈಸೇರಿದೊಡನೆ ವ್ಯಾಸಂಗವು ಮುಗಿಯಿತೆಂದು ಭಾವಿಸುವವರು ಬಹುಮಂದಿ. ಪಾಠಹೇಳುವ ವೃತ್ತಿಯನ್ನು ಕೈಕೊಂಡವರಿಗಾದರೋ ನಿಜವಾದ ವ್ಯಾಸಂಗವು ಅಲ್ಲಿಂದಲೇ ಮೊದಲಾಗತಕ್ಕುದು. ದಕ್ಷಿಣದೇಶದಲ್ಲಿ ತತ್ತ್ವಶಾಸ್ತ್ರದ ಉನ್ನತಾಭ್ಯಾಸವು ಬೆಳೆದ ಬಗೆಯನ್ನು ನೋಡಿದರೆ ಈ ಮಾತು ಸ್ಪಷ್ಟವಾಗುವುದು.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಮೈಸೂರು ಸಂಸ್ಥಾನಕ್ಕೆ ಸ್ವಂತ ವಿಶ್ವವಿದ್ಯಾನಿಲಯವಿರಲಿಲ್ಲ. ಇಲ್ಲಿಯ ಕಾಲೇಜುಗಳು ಮದರಾಸು ವಿಶ್ವವಿದ್ಯಾನಿಲಯಕ್ಕೆ ಒಳಪಟ್ಟಿದ್ದುವು. ಅಲ್ಲಿಯ ತತ್ತ್ವಶಾಸ್ತ್ರದ ಪಾಠಕ್ರಮದಲ್ಲಿ ಪಾಶ್ಚಾತ್ಯ ದರ್ಶನಗಳಿಗೇ ಅಗ್ರಸ್ಥಾನ. ವೇದಾಂತದಲ್ಲಿ ನೀತಿಗೆ ಎಡೆಯಿಲ್ಲವೆಂಬ ಪಾದ್ರಿಗಳ ಆಕ್ಷೇಪವೂ ವಿದ್ಯಾರ್ಥಿಗಳ ಕಿವಿಗೆ ಬೀಳುತ್ತಿದ್ದಿತು. ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದುತ್ತಿದ್ದ ಸರ್ವೇಪಲ್ಲಿ ರಾಧಾಕೃಷ್ಣನ್ನರು ಆ ಆಕ್ಷೇಪವನ್ನು ಕೋಪದಿಂದ ತಳ್ಳಿಬಿಡಲಿಲ್ಲ; ಅದನ್ನು ಪರೀಕ್ಷಿಸಿ ನೋಡಲೆಳಸಿದರು. ವೇದಾಂತದ ನೀತಿಯನ್ನೇ ವಿಷಯವಾಗಿಟ್ಟುಕೊಂಡು ಎಂ.ಎ. ಪದವಿಗಾಗಿ ಬರೆದ ಅವರ ಪ್ರಬಂಧವು 1908ರಲ್ಲಿ ಅಚ್ಚಾಯಿತು. ಅವರ ಗುರುಗಳಾದ ಎ. ಜಿ. ಹಾಗ್‌ರವರು ತಾವೇ ಮಿಷನರಿಗಳಾಗಿದ್ದರೂ ಅದನ್ನು ಮನಸಾರೆ ಮೆಚ್ಚಿಕೊಂಡರು. ಸಂದೇಹವನ್ನು ಮುಚ್ಚಿಡದೆ ವಿಚಾರಕ್ಕೊಡ್ಡುವುದೇ ಈ ಶಾಸ್ತ್ರದ ಮೊದಲ ಪಾಠವಷ್ಟೆ. ಮರುವರ್ಷ ರಾಧಾಕೃಷ್ಣನ್ನರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅಧ್ಯಾಪಕರಾದರು.

1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. 1918ರಲ್ಲಿ ರಾಧಾಕೃಷ್ಣನ್ನರು ಇಲ್ಲಿಗೆ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದು, 1921ರಲ್ಲಿ ಕಲ್ಕತ್ತೆಗೆ ತೆರಳಿದರು. ಆಗ ಮಹಾರಾಜಾ ಕಾಲೇಜಿನಲ್ಲಿ ಸಂಸ್ಕೃತವನ್ನು ಬೋಧಿಸುತ್ತಿದ್ದವರಲ್ಲಿ ಎಂ. ಹಿರಿಯಣ್ಣನವರೂ ಒಬ್ಬರು. ಅವರು ಕಾಲೇಜಿಗೆ ಬರುವ ಮೊದಲು ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿಯೂ ಅನಂತರ ನಾರ್ಮಲ್ ಸ್ಕೂಲಿನಲ್ಲಿಯೂ ದುಡಿದವರು. ಉದ್ಯೋಗವು ಅವರ ಓದನ್ನು ತಡೆಯಲಿಲ್ಲ. ಮೂಲಗ್ರಂಥಗಳನ್ನು ನಿಧಾನವಾಗಿ ಅರಗಿಸಿಕೊಂಡು ಹಲವು ವರ್ಷ ವಿದ್ಯಾರ್ಥಿಗಳಿಗೆ ಭಾರತೀಯ ದರ್ಶನಗಳನ್ನು ಉಪನ್ಯಸಿಸಿದರು. ಆ ಉಪನ್ಯಾಸಗಳೇ 1932ರಲ್ಲಿ ಇಂಗ್ಲಿಷ್ ಗ್ರಂಥರೂಪದಿಂದ ಹೊರಬಂದು, ಕಾಲೇಜುಗಳಲ್ಲಿ ಪಠ್ಯವಾಗಿ ಬಹುಕಾಲ ನಿಂತುವು. ಒಂದೊಂದು ದರ್ಶನವನ್ನೂ ಅದರ ವಾದಿಯೇ ಒಪ್ಪುವಂತೆ ನಿರೂಪಿಸಿ, ಬಳಿಕವೇ ಗುಣದೋಷಗಳನ್ನು ತೂಗುವುದು ಅವರ ಕ್ರಮ.

ಇಲ್ಲಿ ಗಮನಿಸತಕ್ಕುದೊಂದುಂಟು. ಒಬ್ಬರ ಗ್ರಂಥವು ವಿದ್ಯಾರ್ಥಿದೆಸೆಯ ಸಂದೇಹದಿಂದ ಹುಟ್ಟಿತು. ಮತ್ತೊಬ್ಬರದು ವಿದ್ಯಾರ್ಥಿಗಳ ಸಂದೇಹಗಳಿಗೆ ಹಲವು ವರ್ಷ ಉತ್ತರ ಹೇಳಿದ ಮೇಲೆ ಹಣ್ಣಾಯಿತು. ಪದವಿಗಾಗಿ ಓದಿದ್ದು ಪದವಿಯೊಡನೆ ಮುಗಿಯಬಹುದು. ಮತ್ತೊಬ್ಬರಿಗೆ ತಿಳಿಯಹೇಳುವುದಕ್ಕಾಗಿ ಓದಿದ್ದಾದರೋ ಮುಗಿಯುವುದಿಲ್ಲ. ಊರೂರಿನ ಶಾಲೆಗಳಲ್ಲಿ ದುಡಿಯುತ್ತಿರುವ ಪದವೀಧರರಿಗೆ ಹಿರಿಯಣ್ಣನವರ ನಡೆಯು ಧೈರ್ಯವನ್ನು ಕೊಡತಕ್ಕುದು. ತತ್ತ್ವದ ಬಾಗಿಲು ವಯಸ್ಸನ್ನೂ ಕೇಳದು, ಹುದ್ದೆಯನ್ನೂ ಕೇಳದು. ಅದು ಬೇಡುವುದು ತಾಳ್ಮೆಯೊಂದನ್ನೇ.