ತುಟಿಯ ಮೇಲಿನ ಜ್ವರಗುಳ್ಳೆ: ಮನೆಯಲ್ಲಿ ಮಾಡಬಹುದಾದದ್ದು, ಮಾಡಬಾರದ್ದು

ಜ್ವರ ಬಿಟ್ಟ ಮರುದಿನ, ಬಿಸಿಲಿನಲ್ಲಿ ಅಲೆದು ಬಂದ ಸಂಜೆ ಅಥವಾ ಪರೀಕ್ಷೆ, ಮದುವೆಗಳು ಎದುರಿಗಿರುವಾಗಲೇ ಕೆಲವರ ತುಟಿಯ ಅಂಚಿನಲ್ಲಿ ಸಣ್ಣ ನೀರುಗುಳ್ಳೆಗಳ ಗೊಂಚಲೊಂದು ಏಳುತ್ತದೆ. ‘ಮೈಯಲ್ಲಿ ಉಷ್ಣ ಹೆಚ್ಚಾಗಿದೆ’ ಎಂದು ಮನೆಯ ಹಿರಿಯರು ಹೇಳುತ್ತಾರೆ. ಇಂಗ್ಲಿಷ್ ಬಲ್ಲವರು ಇದನ್ನೇ ‘ಕೋಲ್ಡ್ ಸೋರ್’ ಎನ್ನುತ್ತಾರೆ. ವಾಸ್ತವವಾಗಿ ಇದಕ್ಕೆ ಮೂಲ ಉಷ್ಣವೂ ಅಲ್ಲ, ಶೀತವೂ ಅಲ್ಲ. ಹರ್ಪಿಸ್ ಸಿಂಪ್ಲೆಕ್ಸ್ ಟೈಪ್-1 ಎಂಬ ವೈರಾಣು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ 50 ವರ್ಷದೊಳಗಿನ ಸುಮಾರು 380 ಕೋಟಿ ಜನರಲ್ಲಿ, ಅಂದರೆ ಶೇ. 64ರಷ್ಟು ಮಂದಿಯಲ್ಲಿ ಈ ವೈರಾಣು ಇದೆ. ಬಹುಪಾಲು ಜನರಿಗೆ ಇದು ಬಾಲ್ಯದಲ್ಲಿಯೇ, ಮನೆಯವರ ಮುತ್ತಿನಿಂದಲೋ ಎಂಜಲಿನಿಂದಲೋ ತಗುಲಿರುತ್ತದೆ. ಅನೇಕರಲ್ಲಿ ಯಾವ ಲಕ್ಷಣವೂ ಕಾಣಿಸುವುದಿಲ್ಲ. ಆದ್ದರಿಂದ ‘ಹರ್ಪಿಸ್’ ಎಂಬ ಹೆಸರು ಕೇಳಿದೊಡನೆ ನಾಚಿಕೆಪಡಬೇಕಾಗಿಲ್ಲ. ಸರ್ಪಸುತ್ತು ಬೇರೊಂದು ವೈರಾಣುವಿನಿಂದ ಬರುವ ಕಾಯಿಲೆ. ಇವೆರಡನ್ನೂ ಒಂದೇ ಎಂದು ತಿಳಿಯಬಾರದು.

ಒಮ್ಮೆ ದೇಹವನ್ನು ಹೊಕ್ಕ ವೈರಾಣು ಮುಖದ ನರಗಳ ಮೂಲದಲ್ಲಿ ಅಡಗಿ ಜೀವನಪರ್ಯಂತ ಉಳಿಯುತ್ತದೆ. ಜ್ವರ, ತೀಕ್ಷ್ಣ ಬಿಸಿಲು, ನಿದ್ದೆಗೇಡು, ಮಾನಸಿಕ ಒತ್ತಡ, ಮುಟ್ಟಿನ ದಿನಗಳು, ತುಟಿಗೆ ಆದ ಗಾಯ ಇವುಗಳಲ್ಲಿ ಯಾವುದಾದರೊಂದು ಅದನ್ನು ಎಚ್ಚರಿಸಬಹುದು. ಅದನ್ನು ಬೇರುಸಹಿತ ಕೀಳುವ ಔಷಧ ಇದುವರೆಗೆ ಇಲ್ಲ. ಮನೆಮದ್ದಿನಿಂದ ಆಗಬಹುದಾದ ಕೆಲಸ ಎರಡೇ: ನೋವನ್ನು ತಗ್ಗಿಸುವುದು ಮತ್ತು ಸೋಂಕು ಇನ್ನೊಬ್ಬರಿಗೆ ಹರಡದಂತೆ ತಡೆಯುವುದು.

ಗುಳ್ಳೆಯ ಹಂತಗಳು

ಮೊದಲು ತುಟಿಯ ಒಂದು ಜಾಗ ಜುಮ್ಮೆನ್ನುತ್ತದೆ; ನವೆ, ಉರಿ ಕಾಣಿಸುತ್ತದೆ. ಸಾಮಾನ್ಯವಾಗಿ ಒಂದು ದಿನದೊಳಗೆ ಅಲ್ಲಿ ನೀರುಗುಳ್ಳೆಗಳು ಏಳುತ್ತವೆ. ಎರಡು ಮೂರು ದಿನಗಳಲ್ಲಿ ಅವು ಒಡೆದು ಹಸಿ ಹುಣ್ಣಾಗುತ್ತವೆ, ಬಳಿಕ ಹಕ್ಕಳೆಗಟ್ಟುತ್ತವೆ. ಏನೂ ಮಾಡದಿದ್ದರೂ 7ರಿಂದ 10 ದಿನಗಳಲ್ಲಿ ಹೆಚ್ಚಿನವು ಕಲೆ ಉಳಿಸದೆ ಮಾಯುತ್ತವೆ. ಗುಳ್ಳೆ ಒಡೆದು ನೀರು ಒಸರುವ ದಿನಗಳಲ್ಲಿ ಸೋಂಕು ಹರಡುವ ಸಾಧ್ಯತೆ ಅತಿ ಹೆಚ್ಚು.

ತುಟಿಯ ಎಲ್ಲ ಹುಣ್ಣುಗಳೂ ಜ್ವರಗುಳ್ಳೆಯಲ್ಲ. ಕೆನ್ನೆಯ ಒಳಭಾಗದಲ್ಲಿ ಅಥವಾ ನಾಲಿಗೆಯ ಅಂಚಿನಲ್ಲಿ ಆಗುವ ಬಿಳಿಯ ಬಾಯಿಹುಣ್ಣು ಅಂಟುವಂಥದ್ದಲ್ಲ. ಬಾಯಿಯ ಮೂಲೆಗಳು ಸೀಳಿದರೆ ಶಿಲೀಂಧ್ರದ ಸೋಂಕು, ಕಬ್ಬಿಣಾಂಶ ಅಥವಾ ‘ಬಿ’ ಜೀವಸತ್ವದ ಕೊರತೆ ಕಾರಣವಿರಬಹುದು. ಇವುಗಳ ಚಿಕಿತ್ಸೆ ಬೇರೆ.

ಮನೆಯಲ್ಲಿ ಮಾಡಬಹುದಾದ ಆರೈಕೆ

* ಮಂಜುಗಡ್ಡೆಯನ್ನು ಶುಭ್ರವಾದ ಬಟ್ಟೆಯಲ್ಲಿ ಸುತ್ತಿ ಐದು ಹತ್ತು ನಿಮಿಷ ಗುಳ್ಳೆಯ ಮೇಲೆ ಇಡಬಹುದು. ಉರಿ, ಬಾವು ತಗ್ಗುತ್ತವೆ. ಮಂಜುಗಡ್ಡೆಯನ್ನು ನೇರವಾಗಿ ಚರ್ಮಕ್ಕೆ ಒತ್ತಬಾರದು.
* ಹಕ್ಕಳೆ ಒಣಗಿ ಸೀಳದಂತೆ ಪೆಟ್ರೋಲಿಯಂ ಜೆಲ್ಲಿಯನ್ನು ತೆಳುವಾಗಿ ಸವರಬಹುದು. ಬೆರಳನ್ನು ಡಬ್ಬಿಗೆ ಮತ್ತೆ ಅದ್ದುವ ಬದಲು ಹತ್ತಿಯ ತುಂಡನ್ನು ಬಳಸುವುದು ಲೇಸು.
* ನೋವು ಹೆಚ್ಚಿದ್ದರೆ ಪ್ಯಾರಾಸಿಟಮಾಲ್ ಸಾಕಾಗುತ್ತದೆ.
* ಹುಳಿ, ಉಪ್ಪು, ಖಾರದ ಪದಾರ್ಥಗಳನ್ನು ಕೆಲವು ದಿನ ದೂರವಿಟ್ಟು, ಮಜ್ಜಿಗೆ ಅನ್ನ, ಗಂಜಿ ಮೊದಲಾದ ಮೆತ್ತನೆಯ ಆಹಾರ ಸೇವಿಸಬೇಕು. ನೀರು ಕುಡಿಯುವುದನ್ನು ಕಡಿಮೆ ಮಾಡಬಾರದು.

ಜೇನುತುಪ್ಪದ ಬಗೆಗೆ ಕುತೂಹಲದ ಅಧ್ಯಯನವೊಂದು ನ್ಯೂಜಿಲೆಂಡಿನಲ್ಲಿ ನಡೆದು 2019ರಲ್ಲಿ ಪ್ರಕಟವಾಯಿತು. ಶುದ್ಧೀಕರಿಸಿದ ವೈದ್ಯಕೀಯ ದರ್ಜೆಯ ಕಾನುಕಾ ಜೇನಿಗೂ ಅಸೈಕ್ಲೊವಿರ್ ಮುಲಾಮಿಗೂ ಗುಣವಾಗುವ ಅವಧಿಯಲ್ಲಿ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ. ಆದರೆ ಅಡುಗೆಮನೆಯ ಜೇನಿಗೆ ಈ ಫಲಿತಾಂಶವನ್ನು ನೇರವಾಗಿ ಅನ್ವಯಿಸಲಾಗದು. ಒಂದು ವರ್ಷ ತುಂಬದ ಮಗುವಿಗಂತೂ ಜೇನು ನೆಕ್ಕಿಸಲೇಬಾರದು.

ಔಷಧಕ್ಕೆ ವೇಳೆಯೇ ಮುಖ್ಯ

ಅಸೈಕ್ಲೊವಿರ್ ಮುಲಾಮು ವೈರಾಣು ವೃದ್ಧಿಯಾಗುವುದನ್ನು ತಡೆಯುತ್ತದೆ. ಅದನ್ನು ಜುಮ್ಮೆನ್ನುವ ಹಂತದಲ್ಲಿಯೇ ಆರಂಭಿಸಿ, ದಿನಕ್ಕೆ ಐದು ಬಾರಿಯಂತೆ ನಾಲ್ಕೈದು ದಿನ ಹಚ್ಚಬೇಕು. ಆಗಲೂ ಉಳಿತಾಯವಾಗುವುದು ಅರ್ಧ ದಿನದಿಂದ ಒಂದು ದಿನ ಮಾತ್ರ. ಗುಳ್ಳೆ ಒಡೆದ ಮೇಲೆ ಹಚ್ಚಿದರೆ ಪ್ರಯೋಜನ ಅತ್ಯಲ್ಪ. ಮೇಲಿಂದ ಮೇಲೆ ಗುಳ್ಳೆ ಏಳುವವರಿಗೆ ಅಸೈಕ್ಲೊವಿರ್ ಅಥವಾ ವಾಲಾಸೈಕ್ಲೊವಿರ್ ಮಾತ್ರೆಗಳನ್ನು ವೈದ್ಯರು ಸೂಚಿಸುತ್ತಾರೆ. ಸಾಧಾರಣ ಆಂಟಿಬಯೋಟಿಕ್‌ಗಳು ವೈರಾಣುವಿನ ಮೇಲೆ ಕೆಲಸ ಮಾಡುವುದಿಲ್ಲ.

ಹಚ್ಚಬಾರದ್ದು

ಸುಣ್ಣ, ಟೂತ್‌ಪೇಸ್ಟ್, ನಿಂಬೆರಸ, ಅರೆದ ಬೆಳ್ಳುಳ್ಳಿ ಇವು ಗುಳ್ಳೆಯನ್ನು ‘ಸುಟ್ಟು ಒಣಗಿಸುತ್ತವೆ’ ಎಂಬ ನಂಬಿಕೆಯಿದೆ. ಅವು ಸುಡುವುದು ವೈರಾಣುವನ್ನಲ್ಲ, ತುಟಿಯ ತೆಳು ಚರ್ಮವನ್ನು. ಇನ್ನೊಂದು ಅಪಾಯ, ಔಷಧ ಅಂಗಡಿಯಲ್ಲಿ ಕೇಳಿ ತರುವ ಸ್ಟೆರಾಯ್ಡ್ ಬೆರೆತ ಮುಲಾಮು. ಕೆಂಪು ತಗ್ಗಿದಂತೆ ತೋರಿದರೂ ಅದು ಆ ಜಾಗದ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸಿ ಸೋಂಕು ಬೆಳೆಯಲು ಎಡೆಮಾಡಿಕೊಡಬಹುದು. ಗುಳ್ಳೆಯನ್ನು ಚುಚ್ಚುವುದು, ಹಕ್ಕಳೆ ಕೀಳುವುದು ಸಲ್ಲದು.

ಹಸುಗೂಸಿನಿಂದ ದೂರವಿರಿ

ದೊಡ್ಡವರಿಗೆ ಒಂದು ವಾರದ ಕಿರಿಕಿರಿ ಎನಿಸುವ ಈ ಗುಳ್ಳೆ ನವಜಾತ ಶಿಶುವಿಗೆ ಪ್ರಾಣಾಂತಿಕವಾಗಬಲ್ಲದು. ಮೊದಲ ಕೆಲವು ವಾರಗಳಲ್ಲಿ ಮಗುವಿನ ರೋಗನಿರೋಧಕ ಶಕ್ತಿ ಬಲಿತಿರುವುದಿಲ್ಲ. ಸೋಂಕು ಮಿದುಳು, ಯಕೃತ್ತುಗಳಿಗೆ ಹರಡಬಹುದು. ತೊಟ್ಟಿಲ ಶಾಸ್ತ್ರಕ್ಕೋ ನಾಮಕರಣಕ್ಕೋ ಬಂದ ನೆಂಟರು ಮಗುವನ್ನು ಎತ್ತಿ ಮುದ್ದಿಸುವುದು ನಮ್ಮಲ್ಲಿ ಸಹಜ. ತುಟಿಯ ಮೇಲೆ ಗುಳ್ಳೆ ಇರುವವರು, ಎಷ್ಟೇ ಹತ್ತಿರದವರಾದರೂ, ಮಗುವಿಗೆ ಮುತ್ತು ಕೊಡಬಾರದು. ಬೇಡವೆನ್ನಲು ಬಾಣಂತಿ ಸಂಕೋಚಪಡಬಾರದು. ತಾಯಿಗೇ ಗುಳ್ಳೆಯಿದ್ದರೆ ಕೈ ತೊಳೆದು, ಮಾಸ್ಕ್ ಧರಿಸಿ ಹಾಲೂಡಿಸಬಹುದು; ಸ್ತನದ ಮೇಲೆ ಗುಳ್ಳೆಯಿದ್ದರೆ ಮಾತ್ರ ಆ ಬದಿಯಲ್ಲಿ ಹಾಲೂಡಿಸದೆ ವೈದ್ಯರನ್ನು ಕಾಣಬೇಕು. ಕೂಸು ಹಾಲು ಬಿಟ್ಟು ಮಂಕಾದರೆ, ಜ್ವರ ಬಂದರೆ, ಮೈಮೇಲೆ ನೀರುಗುಳ್ಳೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ವೈದ್ಯರನ್ನು ಯಾವಾಗ ಕಾಣಬೇಕು?

* ಕಣ್ಣು ಕೆಂಪಾಗಿ ನೋವು, ಬೆಳಕು ಸಹಿಸಲಾಗದ ಸ್ಥಿತಿ ಉಂಟಾದರೆ ಅಂದೇ. ಕಣ್ಣಿನ ಕರಿಗುಡ್ಡೆಗೆ ತಗುಲಿದ ಸೋಂಕು ದೃಷ್ಟಿಯನ್ನೇ ಕಸಿಯಬಹುದು.
* ಎರಡು ವಾರವಾದರೂ ಹುಣ್ಣು ಮಾಯದಿದ್ದರೆ, ಅಥವಾ ಮುಖದ ಬೇರೆ ಭಾಗಕ್ಕೆ ಹರಡಿದರೆ.
* ಇಸುಬು ಇರುವವರು, ಎಚ್‌ಐವಿ ಸೋಂಕಿತರು, ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿರುವವರು ಹಾಗೂ ಗರ್ಭಿಣಿಯರು ಗುಳ್ಳೆ ಕಂಡೊಡನೆ.
* ಬಾಯಿ ತುಂಬ ಹುಣ್ಣಾಗಿ ಪುಟ್ಟ ಮಗು ನೀರನ್ನೂ ಕುಡಿಯದಿದ್ದರೆ.

ಮರುಕಳಿಸದಿರಲು

ಬಿಸಿಲಿಗೆ ಹೊರಡುವಾಗ ಕೊಡೆ ಅಥವಾ ಟೊಪ್ಪಿಗೆ, ತುಟಿಗೆ ಎಸ್‌ಪಿಎಫ್ 30ರ ಲಿಪ್ ಬಾಮ್, ಸಾಕಷ್ಟು ನಿದ್ದೆ ಇವು ಹಲವರಿಗೆ ನೆರವಾಗುತ್ತವೆ. ಗುಳ್ಳೆಯಿರುವ ದಿನಗಳಲ್ಲಿ ಲೋಟ, ಚಮಚ, ಟವೆಲ್ ಬೇರೆಯಾಗಿರಲಿ. ಗುಳ್ಳೆ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯದೆ ಕಣ್ಣಿಗೆ ತಾಗಿಸದಿರಿ. ನೀರನ್ನು ಎತ್ತಿ ಕುಡಿಯುವ, ಎಂಜಲು ಹಂಚಿಕೊಳ್ಳದಿರುವ ಹಳೆಯ ರೂಢಿ ಈ ಒಂದು ವಾರದ ಮಟ್ಟಿಗಾದರೂ ಮನೆಯಲ್ಲಿ ಪಾಲನೆಯಾಗುವುದು ಒಳ್ಳೆಯದು.